ಮೋಟಾರುಗಾಡಿಯ ಹಿಂದಿನ ಚಕ್ರಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯಲ್ಲಿ ಮೋಟಾರುಪಂದ್ಯವು ಈಗ ಅಪೂರ್ವವಾದ ವಿಷಯವಲ್ಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ತೋಟಗಳ ಮಣ್ಣುಹಾದಿಯಲ್ಲಿಯೇ ಜರುಗಿತು. ಆ ವರ್ಷದ ಪ್ರಶಸ್ತಿಯನ್ನು ಸ್ಕೋಡಾ ಫಾಬಿಯಾ ಗಾಡಿಯನ್ನು ನಡೆಸಿದ ಗೌರವ್ ಗಿಲ್ ಎಂಬ ಭಾರತೀಯರೇ ಪಡೆದರು. ಇಂಥವನ್ನು ಕಂಡ ತರುಣರು ಮನೆಯ ಗಾಡಿಯನ್ನೇ ಹವ್ಯಾಸದ ಪಂದ್ಯಕ್ಕೆ ಒಯ್ಯಬೇಕೆಂದು ಹಂಬಲಿಸುವುದು ಸಹಜ. ಎಂಜಿನ್ನಿನ ಬಲವನ್ನು ಎಲ್ಲರೂ ವಿಚಾರಿಸುತ್ತಾರೆ. ಹಿಂದಿನ ಚಕ್ರಗಳನ್ನು ಗಾಡಿಗೆ ಹೇಗೆ ಜೋಡಿಸಿದೆ ಎಂಬುದನ್ನು ವಿಚಾರಿಸುವವರು ವಿರಳ. ಆದರೆ ತಿರುವಿನಲ್ಲಿ ಗಾಡಿಯು ಹಾದಿಯಲ್ಲಿ ನಿಲ್ಲುವುದೋ ಕಂದಕಕ್ಕೆ ಇಳಿಯುವುದೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಪಂದ್ಯ ಮುಗಿದ ಮರುದಿನ ಅದೇ ಗಾಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿಯನ್ನು ಇಳಿಯಬೇಕಾದ ಗೃಹಸ್ಥನು ಇದನ್ನು ಅರಿತಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಈ ಜೋಡಣೆಗೆ ಸಸ್ಪೆನ್ಷನ್ ಎಂದು ಹೆಸರು. ಕುಳಿತವರ ಬೆನ್ನಿಗೆ ಕುಲುಕು ತಟ್ಟದಂತೆ ಮಾಡುವುದಷ್ಟೇ ಇದರ ಕೆಲಸವೆಂದು ಹಲವರ ತಿಳಿವಳಿಕೆ. ಅದಕ್ಕಿಂತ ಮುಖ್ಯವಾದ ಕೆಲಸವೊಂದಿದೆ: ಟೈರನ್ನು ನೆಲಕ್ಕೆ ಒತ್ತಿ, ಆದಷ್ಟು ನೆಟ್ಟಗೆ ಹಿಡಿದಿರುವುದು. ನೆಲವನ್ನು ಬಿಟ್ಟ ಚಕ್ರಕ್ಕೆ ಎಂಜಿನ್ನಿನ ಬಲವೂ ಬ್ರೇಕಿನ ಬಲವೂ ವ್ಯರ್ಥ.

ಇವುಗಳಲ್ಲಿ ಪ್ರಾಚೀನವಾದದ್ದು ಎರಡು ಚಕ್ರಗಳಿಗೂ ಒಂದೇ ಗಟ್ಟಿ ಇರುಸು. ಸಂಸ್ಕೃತದ ಅಕ್ಷ, ನಮ್ಮ ಎತ್ತಿನ ಗಾಡಿಯ ಇರುಸು, ಎಲ್ಲವೂ ಈ ಜಾತಿಯವೇ. ಅಂಬಾಸಿಡರ್ ಮತ್ತು ಜಿಪ್ಸಿ ಗಾಡಿಗಳ ಹಿಂಭಾಗದಲ್ಲಿ ಇಂಥ ಇರುಸು ಪಟ್ಟಿ ಸ್ಪ್ರಿಂಗುಗಳ ಮೇಲೆ ಕುಳಿತಿದೆ. ಗಾಡಿಯ ಒಡಲು ತಿರುವಿನಲ್ಲಿ ವಾಲಿದರೂ ಚಕ್ರಗಳೆರಡೂ ನೆಲಕ್ಕೆ ನೆಟ್ಟಗೆ ನಿಲ್ಲುವುದು ಇದರ ಗುಣ; ಮುರಿದ ಪಟ್ಟಿಯನ್ನು ಚಿಕ್ಕ ಊರಿನ ಕಾರ್ಖಾನೆಯಲ್ಲಿಯೂ ಬದಲಾಯಿಸಬಹುದು. ದೋಷವೆಂದರೆ, ಒಂದು ಚಕ್ರ ಕಲ್ಲನ್ನೇರಿದರೆ ಮತ್ತೊಂದೂ ಓರೆಯಾಗುತ್ತದೆ; ಇರುಸಿನ ಭಾರವೂ ಹೆಚ್ಚಾದುದರಿಂದ ಒರಟು ಹಾದಿಯಲ್ಲಿ ಹಿಂಭಾಗವು ಕುಪ್ಪಳಿಸುತ್ತದೆ.

ಎರಡನೆಯದು ತಿರುಚುವ ತೊಲೆ. ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಫೋಕ್ಸ್‌ವ್ಯಾಗನ್ ಪೋಲೋದಂಥ ಗಾಡಿಗಳ ಹಿಂಭಾಗದಲ್ಲಿ ಇದನ್ನು ಕಾಣಬಹುದು. ಎರಡು ಚಕ್ರಗಳ ತೋಳುಗಳನ್ನು ಒಂದು ಉಕ್ಕಿನ ತೊಲೆ ಕೂಡಿಸಿರುತ್ತದೆ. ಒಂದು ಚಕ್ರ ಮೇಲೆದ್ದಾಗ ತೊಲೆಯು ಕೊಂಚ ತಿರುಚಿಕೊಂಡು ಮತ್ತೊಂದಕ್ಕೆ ಸ್ವಲ್ಪಮಟ್ಟಿನ ಸ್ವಾತಂತ್ರ್ಯವನ್ನು ಕೊಡುತ್ತದೆ. ಇದು ಹಗುರ, ಸರಳ, ಅಗ್ಗ. ಆದರೆ ಚರಂಡಿಯ ಅಂಚಿಗೆ ಬಡಿದು ತೊಲೆ ಬಾಗಿತೆಂದರೆ ತಿದ್ದುವ ಮಾತಿಲ್ಲ, ಹೊಸದನ್ನೇ ಹಾಕಿಸಬೇಕು.

ಮೂರನೆಯದು ಸ್ವತಂತ್ರ ಜೋಡಣೆ: ಪ್ರತಿಯೊಂದು ಚಕ್ರವೂ ತನ್ನ ಪಾಡಿಗೆ ತಾನು ಏರಿಳಿಯುತ್ತದೆ. ಮಾರುತಿ ಎಸ್ಟೀಮಿನಲ್ಲಿ ಸುರುಳಿ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳು ಒಂದೇ ಕಂಬವಾಗಿ ನಿಂತಿವೆ. ನಮ್ಮ ದೇಶದ ರ‍್ಯಾಲಿಗಳಲ್ಲಿ ಬಹುಕಾಲ ಮೆರೆದ ಮಿತ್ಸುಬಿಷಿ ಸೀಡಿಯಾದಲ್ಲಿ ಹಲವು ಕೊಂಡಿಗಳು ಕೂಡಿ ಚಕ್ರದ ಕೋನವನ್ನು ಕಾಯುತ್ತವೆ. ಹಿಡಿತ ಉತ್ತಮ, ಆದರೆ ಕೊಂಡಿಗಳು ಹೆಚ್ಚಿದಷ್ಟೂ ಸವೆಯುವ ರಬ್ಬರು ಬುಷ್‌ಗಳೂ ಹೆಚ್ಚು, ಖರ್ಚೂ ಹೆಚ್ಚು. ಪೇಟೆಯಲ್ಲಿ ಮಾರುವ ಫಾಬಿಯಾಕ್ಕೆ ತಿರುಚುವ ತೊಲೆಯಿದ್ದರೂ, ನಾಲ್ಕು ಚಕ್ರಗಳಿಗೂ ಬಲ ಹಾಯುವ ಗಿಲ್ಲರ ಪಂದ್ಯದ ಫಾಬಿಯಾಕ್ಕೆ ಹಿಂದೆಯೂ ಕಂಬಗಳನ್ನೇ ಜೋಡಿಸಲಾಗಿತ್ತು. ಪಂದ್ಯದ ಗಾಡಿ ಹೆಸರಿನಿಂದ ಮನೆಯ ಗಾಡಿಯ ಒಡಹುಟ್ಟಾದರೂ ಹೊಟ್ಟೆಯ ಕೆಳಗೆ ಬೇರೆಯೇ ಆಗಿರುತ್ತದೆಂಬುದನ್ನು ತರುಣರು ಮರೆಯಬಾರದು.

ಹಾಗಾದರೆ ಸ್ವತಂತ್ರವಾದುದೆಲ್ಲವೂ ಶ್ರೇಷ್ಠವೇ? ಹಾಗೆನ್ನುವಂತಿಲ್ಲ. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಟ್ರಯಂಫ್ ಹೆರಾಲ್ಡ್ ಗಾಡಿಯು 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ತಯಾರಾಯಿತು. ಅದರ ಹಿಂದಿನ ಇರುಸು ನಡುವೆ ಎರಡಾಗಿ, ಹಕ್ಕಿಯ ರೆಕ್ಕೆಗಳಂತೆ ಆಡುತ್ತಿತ್ತು. 1962ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಕ್ರೀಡಾಗಾಡಿಗೂ ಇದೇ ಜೋಡಣೆ. ವೇಗದಿಂದ ತಿರುಗುತ್ತಿರುವಾಗ ಚಾಲಕನು ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗವು ಮೇಲೇಳುತ್ತದೆ. ಹೊರಗಡೆಯ ಚಕ್ರವು ಗಾಡಿಯ ಕೆಳಕ್ಕೆ ಮಡಿಸಿಕೊಳ್ಳುತ್ತದೆ. ಬಾಲವು ಹೊರಕ್ಕೆ ಎಸೆಯಲ್ಪಡುತ್ತದೆ. ಸ್ಪಿಟ್‌ಫೈರಿನಲ್ಲಿ ಈ ದೋಷವನ್ನು ತಗ್ಗಿಸಲು 1970ರಲ್ಲಿ ಸ್ಪ್ರಿಂಗಿನ ಜೋಡಣೆಯನ್ನೇ ಮಾರ್ಪಡಿಸಿದರು. ಮದರಾಸಿನವರು 1972ರ ಸ್ಟ್ಯಾಂಡರ್ಡ್ ಗೆಜೆಲ್ ಗಾಡಿಯಲ್ಲಿ ಮರಳಿ ಗಟ್ಟಿ ಇರುಸನ್ನೇ ಇಟ್ಟರು. ಹೊಸದೆಂಬ ಮಾತ್ರಕ್ಕೆ ಮೇಲಲ್ಲ. ಹಾದಿಗೆ ಹೊಂದಬೇಕು, ನಡೆಸುವವನಿಗೂ ರಿಪೇರಿ ಮಾಡುವವನಿಗೂ ವಶವಾಗಬೇಕು.

ಆದುದರಿಂದ ಮಗನು ಪಂದ್ಯಕ್ಕೆ ಗಾಡಿಯನ್ನು ಕೇಳಿದಾಗ ಹಿರಿಯರು ಒಮ್ಮೆಗೇ ಗದರಿಸುವುದಕ್ಕಿಂತ, ಅವನೊಡನೆ ಗಾಡಿಯ ಕೆಳಗೆ ಇಣುಕಿ ನೋಡುವುದು ಲೇಸು. ಹಿಂದಿರುವುದು ಯಾವ ಜಾತಿ? ಪಟ್ಟಿಗಳಲ್ಲಿ ಬಿರುಕಿದೆಯೇ? ಬುಷ್‌ಗಳು ಸವೆದಿವೆಯೇ? ಷಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದೆಯೇ? ಎರಡು ಟೈರುಗಳೂ ಒಂದೇ ಬಗೆಯಾಗಿ ಸವೆದಿವೆಯೇ? ಇವಕ್ಕೆ ಮಗನು ಉತ್ತರ ಹೇಳಬಲ್ಲವನಾದರೆ ಅವನ ಉತ್ಸಾಹದಲ್ಲಿ ವಿವೇಕವೂ ಇದೆಯೆಂದು ತಿಳಿಯಬಹುದು. ಪಂದ್ಯ ಮುಗಿದ ಬಳಿಕ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸದೆ ಮನೆಯವರನ್ನು ಆ ಗಾಡಿಯಲ್ಲಿ ಘಾಟಿಗೆ ಕರೆದೊಯ್ಯಕೂಡದೆಂಬುದೇ ನಮ್ಮ ವಿಜ್ಞಾಪನೆ.