ಅರ್ಧವಿರಾಮ ಹೋಗಿ ಅಲ್ಪವಿರಾಮ ಬಂತು

2008ರ ಡಿಸೆಂಬರಿನಲ್ಲಿ ಪೋಲೆಂಡಿನ ಪೊಜ್ನಾನ್ ನಗರದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಕಾಡುಗಳ ಕುರಿತ ಮಾತುಕತೆ ಒಂದು ಅರ್ಧವಿರಾಮಕ್ಕೆ ಬಂದು ತಗಲಿಕೊಂಡಿತು. ಹಿಂದಿನ ವರ್ಷ ಬಾಲಿಯಲ್ಲಿ ಒಪ್ಪಿದ್ದ ಕ್ರಿಯಾಯೋಜನೆಯ ಒಂದು ವಾಕ್ಯದ ನಟ್ಟನಡುವೆ ಅದು ಕೂತಿತ್ತು. ಅದರ ಈಚೆ, ಬಡ ದೇಶಗಳು ಅರಣ್ಯನಾಶವನ್ನೂ ಕಾಡಿನ ಸವಕಳಿಯನ್ನೂ ತಗ್ಗಿಸಿದರೆ ಪ್ರೋತ್ಸಾಹ ಎಂಬ ಮಾತು. ಅದರ ಆಚೆ, ಕಾಡಿನ ಸಂರಕ್ಷಣೆ, ಸುಸ್ಥಿರ ನಿರ್ವಹಣೆ, ಮರಗಳಲ್ಲಿನ ಇಂಗಾಲದ ದಾಸ್ತಾನು ಹೆಚ್ಚಿಸುವುದು, ಇವುಗಳ 'ಪಾತ್ರ' ಎಂಬ ಮಾತು. ಈಚೆಗಿನವರಿಗೆ ಮೊದಲ ಪಂಕ್ತಿ, ಆಚೆಗಿನವರು ಅನ್ನ ಉಳಿದರೆ ಎರಡನೇ ಪಂಕ್ತಿಗೆ. ಅರ್ಧವಿರಾಮ ತೆಗೆದು ಅಲ್ಪವಿರಾಮ ಹಾಕಿ ಎಂದು ಪಟ್ಟು ಹಿಡಿದ ದೇಶಗಳ ಮುಂಚೂಣಿಯಲ್ಲಿ ಭಾರತ ಇತ್ತು.

ಇದನ್ನು ವ್ಯಾಕರಣದ ತಕರಾರು ಎಂದು ನಗುವ ಮೊದಲು ಹಿಂದಿನದನ್ನು ನೋಡಬೇಕು. 1997ರ ಕ್ಯೋಟೊ ಒಪ್ಪಂದದ ನಿಯಮಗಳು 2001ರಲ್ಲಿ ಮರಾಕೇಶಿನಲ್ಲಿ ಅಂತಿಮವಾದಾಗ, ಬಡ ದೇಶವೊಂದು ಇರುವ ಕಾಡನ್ನು ಕಾಪಾಡಿದರೆ ಅದಕ್ಕೆ ಬೆಲೆಯೇ ಇರಲಿಲ್ಲ. 1989ರ ಕೊನೆಗೆ ಕಾಡಿಲ್ಲದ ಜಾಗದಲ್ಲಿ ಗಿಡ ನೆಟ್ಟರೆ ಮಾತ್ರ ಲೆಕ್ಕ. ಇಲ್ಲಿ ತಡೆದ ಕೊಡಲಿ ಪಕ್ಕದ ಕಾಡಿಗೆ ಹೋಗುತ್ತದೆ, ಇಂದು ಉಳಿದದ್ದು ನಾಳೆ ಸುಡಬಹುದು, ಅಗ್ಗದ ಕಾಡಿನ ಲೆಕ್ಕ ತೋರಿಸಿ ಶ್ರೀಮಂತರು ತಮ್ಮ ಚಿಮಣಿಗಳನ್ನು ಹಾಗೇ ಉರಿಸುತ್ತಾರೆ ಎಂಬ ಭಯಗಳಿದ್ದವು, ಸುಳ್ಳು ಭಯಗಳೇನಲ್ಲ. 2005ರಲ್ಲಿ ಮಾಂಟ್ರಿಯಲ್‌ನಲ್ಲಿ ಪಪುವಾ ನ್ಯೂಗಿನಿ, ಕೋಸ್ಟರಿಕಾ ಸೇರಿ ಆ ಕಡತವನ್ನು ಮತ್ತೆ ಬಿಚ್ಚಿಸಿದವು. ಆದರೆ 'ಕಡಿತ ತಗ್ಗಿಸಿದವರಿಗೆ ಹಣ' ಎಂದರೆ ಹೆಚ್ಚು ಕಡಿಯುತ್ತಿದ್ದವರಿಗೇ ಹೆಚ್ಚು ಹಣ. 2004ರಲ್ಲಿ ಬ್ರೆಜಿಲಿನ ಅಮೆಜಾನ್ ಒಂದೇ ವರ್ಷದಲ್ಲಿ 27,772 ಚದರ ಕಿ.ಮೀ. ಕಾಡು ಕಳೆದುಕೊಂಡಿತ್ತು, 2012ಕ್ಕೆ ಅದು 4,571ಕ್ಕೆ ಇಳಿಯಿತು. ದೊಡ್ಡ ಸಾಧನೆಯೇ. ಅದಕ್ಕೆ ನಾರ್ವೆ 100 ಕೋಟಿ ಡಾಲರಿನ ಭರವಸೆ ಕೊಟ್ಟಿತ್ತು. ಹಾಗಾದರೆ 1980ರಲ್ಲೇ ಅರಣ್ಯ ಸಂರಕ್ಷಣಾ ಕಾಯ್ದೆ ತಂದು ಕೈ ಬಿಗಿಹಿಡಿದವರಿಗೇನು? ಸಾಲಮನ್ನಾ ಘೋಷಣೆಯಾದಾಗಲೆಲ್ಲ, ಕಂತು ತಪ್ಪದೆ ಕಟ್ಟಿದ ರೈತ ಕೇಳುವ ಪ್ರಶ್ನೆ ಇದು. ಭಾರತ ಕೇಳಿದ್ದು ನ್ಯಾಯವಾಗಿತ್ತು.

ಪೊಜ್ನಾನಿನಲ್ಲಿ ಅಲ್ಪವಿರಾಮ ಗೆದ್ದಿತು. ಮುಂದೆ ಅರಣ್ಯನಾಶ ತಗ್ಗಿಸುವ ಈ ಯೋಜನೆಯ ಹೆಸರಿಗೆ ಕೂಡಿಸುವ ಚಿಹ್ನೆ ಅಂಟಿ 'ರೆಡ್' ಎಂಬುದು 'ರೆಡ್ ಪ್ಲಸ್' ಆಯಿತು. ಆದರೆ ಅದೇ ಸಭೆಯಲ್ಲಿ ಇನ್ನೊಂದು ಅಕ್ಷರ ಮಾಯವಾದದ್ದು ನಮ್ಮಲ್ಲಿ ಸುದ್ದಿಯಾಗಲಿಲ್ಲ. ಕರಡಿನಲ್ಲಿ ಆದಿವಾಸಿಗಳ ಹಕ್ಕಿನ ಮಾತಿತ್ತು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಡ್ಡ ಬಂದವು. ಆದಿವಾಸಿ ಹಕ್ಕುಗಳ 2007ರ ವಿಶ್ವಸಂಸ್ಥೆ ಘೋಷಣೆಗೆ ವಿರುದ್ಧ ಮತ ಹಾಕಿದ್ದ ನಾಲ್ಕೂ ದೇಶಗಳು ಇವೇ. 'ಹಕ್ಕು' ಹೋಯಿತು, ಇಂಗ್ಲಿಷಿನ 'ಪೀಪಲ್ಸ್' ಪದದ ಕೊನೆಯ 'ಎಸ್' ಕೂಡ ಉದುರಿತು. ಆ ಅಕ್ಷರವಿದ್ದರೆ ಅವರು ತಮ್ಮದೇ ನೆಲ, ಕಟ್ಟಳೆಗಳಿರುವ ಜನಾಂಗಗಳು; ಇಲ್ಲದಿದ್ದರೆ ಕಾಡಂಚಿನ ಜನ, ಅಷ್ಟೇ. 2010ರಲ್ಲಿ ಕಾನ್‌ಕುನ್ ಸಮ್ಮೇಳನದ ನಿಯಮಗಳಲ್ಲಿ ಎರಡೂ ಮರಳಿದವು.

ಈಗ ಅಲ್ಪವಿರಾಮದ ಇನ್ನೊಂದು ಮುಖ. ಅದು ಕಾಡು ಕಾಯುವುದನ್ನೂ ಇಂಗಾಲದ ದಾಸ್ತಾನು ಹೆಚ್ಚಿಸುವುದನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು. ದಾಸ್ತಾನು ಬೇಗ ಹೆಚ್ಚುವುದು ನೆಡುತೋಪಿನಲ್ಲಿ. ನಮ್ಮ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾಗಿ ಶೇ 10ಕ್ಕಿಂತ ಹೆಚ್ಚು ಮರಗಳ ನೆರಳಿರುವ ಜಾಗವೆಲ್ಲ 'ಅರಣ್ಯ ಹೊದಿಕೆ'. ಯಾವ ಮರ, ಯಾರ ಜಮೀನು ಎಂದು ಕೇಳುವುದಿಲ್ಲ. ಕೊಡಗಿನ ಕಾಫಿ ತೋಟವೂ ಬಂತು, ನೀಲಗಿರಿ ತೋಪೂ ಬಂತು. ಶೋಲಾ ಕಾಡಿನ ಮಗ್ಗುಲಲ್ಲಿರುವ ಹುಲ್ಲುಗುಡ್ಡ ಮಾತ್ರ ಬರಲಿಲ್ಲ. ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಹೀರಿ ಬೇಸಿಗೆಯಲ್ಲಿ ಹಳ್ಳಕ್ಕೆ ಇಳಿಸುವ, ಇಂಗಾಲವನ್ನು ಮಣ್ಣಿನೊಳಗೆ ಬಚ್ಚಿಟ್ಟಿರುವ ಆ ಹುಲ್ಲಿಗೆ ಉಪಗ್ರಹದ ಕಣ್ಣಿನಲ್ಲಿ ನೆರಳಿಲ್ಲ. ನೀಲಗಿರಿ ಬೆಟ್ಟಗಳಲ್ಲಿ ಬ್ರಿಟಿಷರ ಕಾಲದಿಂದ ಇಂಥ ಗುಡ್ಡಗಳಿಗೆ ವ್ಯಾಟಲ್, ಯೂಕಲಿಪ್ಟಸ್ ನೆಟ್ಟರು. ಆಸ್ಟ್ರೇಲಿಯಾದ ಆ ಯೂಕಲಿಪ್ಟಸ್ ಮರಕ್ಕೆ ಕನ್ನಡದಲ್ಲಿ ಬೆಟ್ಟದ ಹೆಸರೇ ನಿಂತಿತು!

ಕಾನ್‌ಕುನ್ ನಿಯಮಗಳು ಸಹಜ ಕಾಡನ್ನು ತೋಪಾಗಿಸಕೂಡದು ಎನ್ನುತ್ತವಲ್ಲ ಎಂದು ಕೇಳಬಹುದು. ಎನ್ನುತ್ತವೆ. ಆದರೆ ನಿಯಮ ಪಾಲಿಸಿದ್ದೇವೆ ಎಂಬ ವರದಿ ಬರೆಯುವುದು ಆಯಾ ದೇಶವೇ. ಹುಲ್ಲುಗಾವಲು ಲೆಕ್ಕದ ಪ್ರಕಾರ ಕಾಡೇ ಅಲ್ಲದ ಮೇಲೆ ಅಲ್ಲಿ ತೋಪೆಬ್ಬಿಸಿದರೆ ನಿಯಮ ಮುರಿದಂತಾಗುವುದೂ ಇಲ್ಲ, ಬದಲಿಗೆ ಹೊದಿಕೆ ಹೆಚ್ಚಿದಂತಾಗುತ್ತದೆ. ಬಡ ದೇಶ ಹಣ ಬರುವ ದಾರಿ ಬಿಡಬೇಕೇ ಎಂಬ ಆಕ್ಷೇಪ ಇನ್ನೂ ಗಟ್ಟಿ. ಬಿಡಬೇಕಿಲ್ಲ. ಹೆಚ್ಚು ಕಡಿಯದೆ ಉಳಿಸಿಕೊಂಡಿದ್ದ ಗಯಾನಾಕ್ಕೆ 2009ರಲ್ಲಿ ನಾರ್ವೆ 25 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತ್ತು; ನಿಂತ ಕಾಡಿಗೆ ಬೆಲೆ ಕಟ್ಟಲು ಬರುತ್ತದೆ. ಭಾರತ 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚುವರಿ ಮರಗಳಲ್ಲಿ ಹಿಡಿದಿಡುವ ವಾಗ್ದಾನ ಕೊಟ್ಟಿದೆ. ಪೊಜ್ನಾನಿನಲ್ಲಿ ಸಂರಕ್ಷಣೆಗಾಗಿ ವಾದಿಸಿದ ದೇಶ ಈಗ ಸಸಿ ಎಣಿಸುತ್ತಿದೆ. 2024ರ ಫೆಬ್ರುವರಿಯಲ್ಲಿ ಹೊರಬಂದ, ಗಿಡ ನೆಟ್ಟವರಿಗೆ ಅಂಕ ಕೊಡುವ ಸರ್ಕಾರದ ಹಸಿರು ಕ್ರೆಡಿಟ್ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಇರಬೇಕೆಂದಿತ್ತು. ಗಿಡ ನೆಡಲು ಗುರುತಿಸಬೇಕಾದ 'ಹಾಳುಬಿದ್ದ' ಜಾಗಗಳ ಸಾಲಿನಲ್ಲಿ ತೋಳ, ಕೃಷ್ಣಮೃಗಗಳು ಓಡಾಡುವ ಕುರುಚಲು ಭೂಮಿಯೂ ಇದೆ. ಅದರ ಪಕ್ಕದ ಪದ 'ಪಾಳುಭೂಮಿ'. ನಡುವೆ ಇರುವುದು ಒಂದು ಅಲ್ಪವಿರಾಮ.