ತೊಗಲಿಗಿಳಿಯುವ ಫೋಟೊ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು ಸುಲ್ತಾನ್‌ಪೇಟೆ ಕಡೆ ತಿರುಗಿದರೆ ಮೊದಲು ಎದುರಾಗುವುದು ಕಾಗದ. ರೀಮುಗಟ್ಟಲೆ ಕಾಗದ ಹೇರಿಕೊಂಡು ಬರುವ ಕೈಗಾಡಿ, ಅದಕ್ಕೆ ದಾರಿ ಬಿಡದೆ ನಿಂತ ಆಟೊ, ಎರಡೂ ಕಡೆ ಮದುವೆ ಕಾರ್ಡಿನ ಅಂಗಡಿಗಳು. ಲ್ಯಾಮಿನೇಷನ್, ಸ್ಕ್ರೀನ್ ಪ್ರಿಂಟಿಂಗ್, ಬೈಂಡಿಂಗ್ ಎಂದು ಬರೆದ ಬೋರ್ಡುಗಳು ಒಂದರ ತಲೆಯ ಮೇಲೆ ಇನ್ನೊಂದು. ಈ ಬೀದಿಗಳಿಗೆ ಬೆಂಗಳೂರಿನವರು ಬರುವುದೇ ಏನಾದರೂ ಅಚ್ಚು ಹಾಕಿಸಲು. ಈಚೆಗೆ ಆ ‘ಏನಾದರೂ’ ಪಟ್ಟಿಗೆ ಚರ್ಮವೂ ಸೇರಿದೆ.

ನಾನು ಹೋದದ್ದು ಅಂಥದೊಂದು ಮಹಡಿಗೆ. ಮೆಟ್ಟಿಲು ಎಷ್ಟು ಕಿರಿದೆಂದರೆ ಇಳಿಯುವವರು ಇಳಿಯುವ ತನಕ ಹತ್ತುವವರು ಕಾಯಬೇಕು. ಮೇಲೆ ಉದ್ದನೆಯ ಒಂದು ಕೋಣೆ, ಮೂರು ಯಂತ್ರ, ಎರಡು ಕಂಪ್ಯೂಟರ್. ಗೋಡೆಯ ಪಕ್ಕದ ಮೇಜಿನ ಮೇಲೆ ಪರ್ಸು, ಡೈರಿ ಹೊದಿಕೆ, ಪಾಸ್‌ಪೋರ್ಟ್ ಕವರ್, ಕೀಚೈನು. ಒಂದೊಂದರ ಮೇಲೂ ಒಂದೊಂದು ಮುಖ: ಗಂಡ ಹೆಂಡತಿ, ಹಾಲುಗಲ್ಲದ ಮಗು, ಪೇಟ ತೊಟ್ಟ ತಾತ, ನಾಯಿಮರಿ, ಪುನೀತ್ ರಾಜ್‌ಕುಮಾರ್.

ಯಜಮಾನರು ಮೊದಲು ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದವರು. ನಾನು ಫೋಟೊ ಇರುವ ಪೆನ್‌ಡ್ರೈವ್ ಚಾಚಿದರೆ ಅವರು ಅದನ್ನು ಮುಟ್ಟಲಿಲ್ಲ. “ಫೋಟೊ ಆಮೇಲೆ ನೋಡೋಣ ಸಾರ್. ಮೊದ್ಲು ಲೆದರ್ ಯಾವ್ದು ಹೇಳಿ” ಎಂದರು. ಎರಡು ತುಂಡು ಚರ್ಮ ತೆಗೆದು ಮೇಜಿನ ಮೇಲಿಟ್ಟು, ಬಾಟಲಿಯ ಮುಚ್ಚಳದಿಂದ ಒಂದೊಂದು ಹನಿ ನೀರು ಬಿಟ್ಟರು. ಒಂದರ ಮೇಲೆ ಹನಿ ಮುತ್ತಿನಂತೆ ನಿಂತಿತು. ಇನ್ನೊಂದರಲ್ಲಿ ನೋಡನೋಡುತ್ತಲೇ ಇಂಗಿ, ಸುತ್ತ ಕಪ್ಪಗಿನ ವೃತ್ತ ಹರಡಿತು.

ಮುಂದಿನದೆಲ್ಲ ನಿರ್ಧಾರವಾಗುವುದು ಈ ಹನಿಯಿಂದ. ನೀರು ಹೀರಿದ್ದು ಮರದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ, ಮೇಲೆ ಯಾವ ಲೇಪವೂ ಇಲ್ಲದ ಚರ್ಮ. ನಮ್ಮ ಕಡೆ ಇದು ಹಳೆಯ ವಿದ್ಯೆ. ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಇವೆಲ್ಲ ಅದಕ್ಕೆ ಬಳಕೆಯಾದವು. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಯ ಚರ್ಮವೂ ಇದೇ ಜಾತಿ. ನೀರು ನಿಲ್ಲಿಸಿಕೊಂಡದ್ದು ಕ್ರೋಮಿಯಂ ಲವಣದಲ್ಲಿ ಹದ ಮಾಡಿ, ಮೇಲೆ ಬಣ್ಣ ಮತ್ತು ಮೇಣದಂಥ ಲೇಪ ಕೊಟ್ಟ ಚರ್ಮ. ಪೇಟೆಯಲ್ಲಿ ಸಿಗುವ ಪರ್ಸು, ಬ್ಯಾಗು, ಜಾಕೆಟ್‌ಗಳಲ್ಲಿ ಹೆಚ್ಚಿನವು ಇದರವೇ. ಈ ಮಹಡಿಗೆ ಬರುವ ಸರಕಿನ ಬಹುಪಾಲು ಚೆನ್ನೈ ಹೆದ್ದಾರಿಯ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಕಡೆಯದು. ಪಾಲಾರ್ ನದಿಯ ಬಯಲಿನ ಆ ಊರುಗಳಿಗೆ ಚರ್ಮ ಹದ ಮಾಡುವುದೇ ಬದುಕು. ಆ ನದಿ ಕೆಟ್ಟದ್ದೂ ಅದರಿಂದಲೇ. ಆ ಕತೆ ಇಲ್ಲಿ ಹಿಡಿಸುವಂಥದಲ್ಲ.

ಮೂರನೆಯದು ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟಿಗೆ ಹೊಲಿಯುವ ರೆಕ್ಸಿನ್. ಚರ್ಮವೆಂದೇ ನಂಬಿ ಇದನ್ನು ತರುವವರು ಬಹಳ ಮಂದಿ. ಯಜಮಾನರು ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅಂಚನ್ನು ತಿರುಗಿಸಿ ಒಳಗಿನ ಬಟ್ಟೆಯ ನೇಯ್ಗೆ ತೋರಿಸುತ್ತಾರೆ ಅಷ್ಟೆ.

ಚರ್ಮ ತೀರ್ಮಾನವಾದ ಮೇಲೆ ಕಂಪ್ಯೂಟರ್ ಮುಂದಿನ ಹುಡುಗಿಯ ಸರದಿ. ಅಂದು ಅವಳ ಎದುರು ಹಾಸನದ ಕಡೆಯ ಒಬ್ಬರು ಕೂತಿದ್ದರು. ತೀರಿಕೊಂಡ ಅಜ್ಜಿಯ ಮುಖವನ್ನು ಅಪ್ಪನ ಪರ್ಸಿನ ಮೇಲೆ ಹಾಕಿಸಬೇಕು. ಇದ್ದದ್ದು ಒಂದೇ ಫೋಟೊ, ಅದೂ ಮದುವೆಯ ಗುಂಪಿನದು. ಅದನ್ನು ಯಾರೋ ಗೋಡೆಯ ಮೇಲಿದ್ದಂತೆಯೇ ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಹಿಂದಿನ ಸಾಲಿನಲ್ಲಿ ನಿಂತ ಅಜ್ಜಿಯ ಕೆನ್ನೆಯ ಮೇಲೆ ಟ್ಯೂಬ್‌ಲೈಟಿನ ಹೊಳಪು ಅಡ್ಡಗೆರೆಯಾಗಿ ಬಿದ್ದಿತ್ತು.

“ಮುಖ ಕತ್ತರಿಸಿದ್ರೆ ಉಳಿಯೋದು ಇನ್ನೂರು ಪಿಕ್ಸೆಲ್ ಅಕ್ಕ” ಎಂದಳು ಹುಡುಗಿ. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ ಅಜ್ಜಿಯ ಮುಖ ಚೊಕ್ಕವಾಗಿ ಬರುವುದು ಮುಕ್ಕಾಲು ಇಂಚಿಗಿಂತ ಚಿಕ್ಕದಾಗಿ ಮಾತ್ರ. ದೊಡ್ಡದು ಮಾಡಿಕೊಡುವ ಎಐ ತಂತ್ರಾಂಶಗಳಿವೆಯಲ್ಲ ಎಂದು ಕೇಳಿದೆ. ಅವಳು ಮಾಡಿಯೇ ತೋರಿಸಿದಳು. ಕ್ಷಣದಲ್ಲಿ ಮುಖ ಥಳಥಳ ಎಂದಿತು, ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಬಂದವರು ಸ್ವಲ್ಪ ಹೊತ್ತು ನೋಡಿ, “ಇವ್ರು ನಮ್ಮಜ್ಜಿ ಅಲ್ಲ ಕಣಮ್ಮ” ಅಂದರು. ಹೌದು, ಇಲ್ಲದ ವಿವರವನ್ನು ಯಂತ್ರ ತನಗೆ ತೋಚಿದಂತೆ ತುಂಬುತ್ತದೆ, ತುಂಬಿದ್ದು ಬೇರೆ ಯಾರದೋ ಕಣ್ಣಾಗುತ್ತದೆ. ಕೊನೆಗೆ ಆದ ಒಪ್ಪಂದ ಸರಳ: ಊರಿಗೆ ಹೋಗಿ, ಫೋಟೊವನ್ನು ಕಟ್ಟಿನಿಂದ ಬಿಚ್ಚಿಸಿ, ಸ್ಟುಡಿಯೊದಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ ತರುವುದು. ಕಳಿಸುವುದಾದರೆ ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬಹುದು. ಆದರೆ ಫೋಟೊ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಆಗ ಅದು ಕುಗ್ಗುವುದಿಲ್ಲ.

ಕೋಣೆಯ ನಡುವೆ ಇರುವುದು ಯುವಿ ಪ್ರಿಂಟರ್. ಊಟದ ಮೇಜಿನಷ್ಟು ಅಗಲದ ಚಪ್ಪಟೆ ಹಾಸು, ಅದರ ಮೇಲೆ ಅತ್ತಿಂದಿತ್ತ ಓಡಾಡುವ ಹೆಡ್ಡು. ಹುಡುಗನೊಬ್ಬ ಕೈಗವಸು ತೊಟ್ಟು, ಕಪ್ಪು ಡೈರಿ ಹೊದಿಕೆಯನ್ನು ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಬಟ್ಟೆಗೆ ಕಂದು ಜಿಡ್ಡು ಅಂಟಿತು. ಇನ್ನೊಮ್ಮೆ ಒರೆಸಿದ. ಜಿಡ್ಡು ಬರುವುದು ನಿಂತ ಮೇಲೆ ಪ್ರೈಮರ್ ಸವರಿ, ಒಣಗಿಸಿ, ನಾಲ್ಕೂ ಅಂಚಿಗೆ ಟೇಪು ಬಿಗಿದ. ಹೆಡ್ಡಿಗೂ ಚರ್ಮಕ್ಕೂ ನಡುವೆ ಇರುವ ಅಂತರ ಒಂದೆರಡು ಮಿಲಿಮೀಟರ್. ಒಂದು ಮೂಲೆ ಎದ್ದರೂ ಹೆಡ್ಡು ತಗಲುತ್ತದೆ, ತಗಲಿದರೆ ಪರ್ಸಿನ ಬೆಲೆಯ ಎಷ್ಟೋ ಪಟ್ಟು ದಂಡ.

ಗುಂಡಿ ಒತ್ತಿದ. ಮೊದಲ ಸಲ ಹೆಡ್ಡು ಹಾದುಹೋದಾಗ ಬಿದ್ದದ್ದು ಬರೀ ಬಿಳಿ. ಕಪ್ಪು ಚರ್ಮದ ಮೇಲೆ ಬಿಳಿಯ ನೆರಳೊಂದು ಮೂಡಿತು. ಕಣ್ಣಿಲ್ಲ, ಮೂಗಿಲ್ಲ, ಅಂಚು ಮಾತ್ರ. ಅದರ ಮೇಲೆ ನೀಲಿ, ಕೆಂಪು, ಹಳದಿ, ಕಪ್ಪು ಶಾಯಿಗಳು ಸಣ್ಣ ಸಣ್ಣ ಚುಕ್ಕಿಯಾಗಿ ಉದುರಿದವು. ಹೆಡ್ಡಿನ ಪಕ್ಕದಲ್ಲೇ ನೇರಳೆ ಬೆಳಕಿನ ದೀಪವಿದೆ. ಶಾಯಿ ಇಲ್ಲಿ ಆರಿ ಒಣಗುವುದಿಲ್ಲ, ಬಿದ್ದ ಮರುಗಳಿಗೆ ಆ ಬೆಳಕು ತಗುಲಿ ಗಟ್ಟಿಯಾಗುತ್ತದೆ. ತುಸು ಹೊತ್ತಿನಲ್ಲಿ ಒಂದು ಮಗು ನಗುತ್ತಿತ್ತು. ಬೆರಳಾಡಿಸಿದೆ. ಕೆನ್ನೆಯ ಅಂಚು ಉಗುರಿಗೆ ತಗುಲುವಷ್ಟು ಉಬ್ಬು. ಚಿತ್ರ ಚರ್ಮದೊಳಗೆ ಇಳಿದಿಲ್ಲ, ಮೇಲೆ ಕೂತಿದೆ.

ಈ ಕೆಲಸದ ತಕರಾರೆಲ್ಲ ಇರುವುದು ಹೀಗೆ ಮೇಲೆ ಕೂತಿರುವುದರಲ್ಲೇ. ಯಜಮಾನರು ಹಳೆಯ ಮಾದರಿಯೊಂದನ್ನು ತೆಗೆದು ಮಡಚಿದರು, ಮತ್ತೆ ಬಿಡಿಸಿದರು, ಮತ್ತೆ ಮಡಚಿದರು. ಮಡಿಕೆಯ ಗೆರೆಯಲ್ಲಿ ಶಾಯಿ ಬಿರುಕು ಬಿಟ್ಟು ಬಿಳಿ ಪದರ ಇಣುಕಿತು. ಚರ್ಮ ಬಾಗುತ್ತದೆ, ಹಿಗ್ಗುತ್ತದೆ, ಸೊಂಟದ ಬಿಸಿಗೆ ಬೆವರುತ್ತದೆ. ಗಾಜಿಗೂ ಫೋನ್ ಕವರಿಗೂ ಬಳಸುವ ಬಿರುಸು ಶಾಯಿ ಅದರ ಜೊತೆ ಬಾಗುವುದಿಲ್ಲ. ಬಾಗುವ ಶಾಯಿ ಬೇರೆಯೇ ಇದೆ. ಅದಕ್ಕೆ ದುಡ್ಡು ಹೆಚ್ಚು, ಆದ್ದರಿಂದ ಎಲ್ಲರೂ ಹಾಕುವುದಿಲ್ಲ. ಇನ್ನೊಂದು ಪರೀಕ್ಷೆಯನ್ನೂ ಅವರು ತೋರಿಸಿದರು. ಅಚ್ಚಿನ ಮೇಲೆ ಬ್ಲೇಡಿನಿಂದ ಜಾಲರಿಯಂತೆ ಗೀಚಿ, ಟೇಪು ಒತ್ತಿ ಅಂಟಿಸಿ, ಒಂದೇ ಎಳೆತಕ್ಕೆ ಕಿತ್ತರು. ಚೆನ್ನಾಗಿ ಒರೆಸಿದ ತುಂಡಿನಲ್ಲಿ ಟೇಪು ಖಾಲಿ ಬಂತು. ಒರೆಸದೆ ಹಾಕಿದ ತುಂಡಿನಲ್ಲಿ ಅರ್ಧ ಮುಖವೇ ಎದ್ದು ಬಂತು.

ಮೂಲೆಯಲ್ಲಿರುವುದು ಲೇಸರ್. ಇಲ್ಲಿ ಶಾಯಿಯೇ ಇಲ್ಲ. ಫೋಟೊವನ್ನು ಕಪ್ಪುಬಿಳುಪು ಮಾಡಿ, ಹಳೆಯ ಪತ್ರಿಕೆಯ ಚಿತ್ರಗಳಲ್ಲಿ ಇರುತ್ತಿತ್ತಲ್ಲ, ಹಾಗೆ ಚುಕ್ಕಿಗಳಾಗಿ ಒಡೆಯುತ್ತಾರೆ. ಆ ಒಂದೊಂದು ಚುಕ್ಕಿಯನ್ನೂ ಕಿರಣ ಚರ್ಮದಲ್ಲಿ ಸುಡುತ್ತದೆ. ಬಾಗಿಲು ತೆರೆದಾಗ ಕೂದಲು ಸುಟ್ಟ ಕಮಟು ಮೂಗಿಗೆ ಹೊಡೆಯಿತು. ಮಸಿ ಹರಡದಿರಲು ಮೊದಲೇ ಕಾಗದದ ಟೇಪು ಅಂಟಿಸಿರುತ್ತಾರೆ. ಅದನ್ನು ಸುಲಿದಾಗ ಗೋಧಿಬಣ್ಣದ ಚರ್ಮದಲ್ಲಿ ಕಂದುಗಪ್ಪಿನ ಮುಖ ಕಾಣಿಸಿತು. ನನಗೆ ಈ ಕೋಣೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು. ಬಣ್ಣವಿಲ್ಲ ನಿಜ, ಆದರೆ ಏಳುವುದಕ್ಕೆ, ಬಿರಿಯುವುದಕ್ಕೆ ಮೇಲೊಂದು ಪದರವೂ ಇಲ್ಲ. ತೊಗಟೆ ಹದದ ಚರ್ಮದಲ್ಲಿ ಇದು ಸೊಗಸಾಗಿ ಬರುತ್ತದೆ. ಕ್ರೋಮ್ ಚರ್ಮ ಮಂಕಾಗಿ ಸುಡುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ. ರೆಕ್ಸಿನ್ ತಂದರೆ ಹುಡುಗ ಯಂತ್ರದ ಹತ್ತಿರಕ್ಕೂ ಬಿಡುವುದಿಲ್ಲ. ರೆಕ್ಸಿನ್‌ನಲ್ಲಿರುವ ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಅದು ಉಸಿರಿಗೂ ಕೇಡು, ಯಂತ್ರದ ಕಬ್ಬಿಣಕ್ಕೂ ಕೇಡು.

ಮೂರನೆಯದು ಮಗ್ಗು, ಟೀಶರ್ಟು ಮಾಡುವ ಹೀಟ್ ಪ್ರೆಸ್. ಮಗ್ಗಿನ ಮೇಲಿನ ಚಿತ್ರ ಬಿಸಿಗೆ ಬಣ್ಣವನ್ನು ಆವಿಯಾಗಿಸಿ ಹಿಡಿಸುವ ಸಬ್ಲಿಮೇಷನ್‌ನದು. ಅದಕ್ಕೆ 190ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಬಣ್ಣ ಹಿಡಿಯಲು ಪಾಲಿಯೆಸ್ಟರ್ ಬೇಕು. ಅಸಲಿ ಚರ್ಮದಲ್ಲಿ ಎರಡನೆಯದಿಲ್ಲ, ಮೊದಲನೆಯದನ್ನು ಅದು ತಡೆಯುವುದಿಲ್ಲ. ತೊಗಟೆ ಹದದ ಚರ್ಮ ಒದ್ದೆಯಾಗಿದ್ದರೆ 80 ಡಿಗ್ರಿಯ ಆಸುಪಾಸಿನಲ್ಲೇ ಮುದುಡುತ್ತದೆ. ಒಣ ಚರ್ಮ ಇನ್ನಷ್ಟು ತಡೆದರೂ 200 ಡಿಗ್ರಿಯ ಮಾತು ಬೇರೆ. ಹೀಗಾಗಿ ‘ಸಬ್ಲಿಮೇಷನ್ ಲೆದರ್ ಪರ್ಸ್’ ಎಂದು ಯಾರಾದರೂ ಮಾರಿದರೆ ಅದು ಲೇಪ ಕೊಟ್ಟ ಸಿಂಥೆಟಿಕ್ ಎಂದುಕೊಂಡೇ ಕೊಳ್ಳಿ. ತೆಳು ಹಾಳೆಯ ಮೇಲೆ ಅಚ್ಚು ಹಾಕಿ, ಅಂಟಿನ ಪುಡಿ ಉದುರಿಸಿ, ಒತ್ತಿ ಅಂಟಿಸುವ ಡಿಟಿಎಫ್ ಎಂಬ ಇನ್ನೊಂದು ಉಪಾಯವಿದೆ. ಬಿಸಿಯನ್ನು ಇಳಿಸಿ, ಕೆಲವೇ ಸೆಕೆಂಡು ಒತ್ತಿದರೆ ಚರ್ಮಕ್ಕೂ ಹಿಡಿಯುತ್ತದೆ. ಮುಟ್ಟಿದರೆ ಮಾತ್ರ ಸ್ಟಿಕರ್ ಮುಟ್ಟಿದ ಹಾಗೆಯೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಫೋಟೊ ಚರ್ಮಕ್ಕೆ ಬಂದದ್ದು ಈಚೆಗೆ ಎಂದುಕೊಂಡಿದ್ದೇವೆ. ಅಸಲಿಗೆ ಅದು ಹುಟ್ಟುವಾಗಲೇ ಚರ್ಮದ ಮೇಲಿತ್ತು. ಇಂಗ್ಲೆಂಡಿನ ಥಾಮಸ್ ವೆಜ್‌ವುಡ್ ಎಂಬಾತ, ಹೆಸರಾಂತ ಪಿಂಗಾಣಿ ತಯಾರಕ ಜೋಸಯಾ ವೆಜ್‌ವುಡ್‌ನ ಮಗ, ಸಿಲ್ವರ್ ನೈಟ್ರೇಟ್ ದ್ರಾವಣ ಸವರಿದ ಬಿಳಿ ಕಾಗದ ಮತ್ತು ಬಿಳಿ ಚರ್ಮದ ಮೇಲೆ ಬಿಸಿಲಿನಿಂದ ನೆರಳಚ್ಚು ತೆಗೆದ. ಅದರ ವರದಿಯನ್ನು ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1802ರಲ್ಲಿ ಪ್ರಕಟಿಸಿದ. ಕಾಗದಕ್ಕಿಂತ ಚರ್ಮವೇ ಬೆಳಕಿಗೆ ಬೇಗ ಕಪ್ಪಾಗುತ್ತದೆ ಎಂಬ ಮಾತೂ ಅದರಲ್ಲಿದೆ. ಫ್ರಾನ್ಸಿನ ಡಗೇರ್ ತನ್ನ ಫೋಟೊ ವಿಧಾನವನ್ನು ಲೋಕಕ್ಕೆ ತೋರಿಸುವುದಕ್ಕೆ ಇನ್ನೂ 37 ವರ್ಷ ಇತ್ತು. ಆದರೆ ವೆಜ್‌ವುಡ್‌ಗೆ ಚಿತ್ರವನ್ನು ಉಳಿಸಿಕೊಳ್ಳುವ ಬಗೆ ತಿಳಿಯಲಿಲ್ಲ. ನೋಡಲೆಂದು ಬೆಳಕಿಗೆ ಹಿಡಿದರೆ ಉಳಿದ ಭಾಗವೂ ಕಪ್ಪಾಗಿ ಚಿತ್ರ ಅಳಿಸಿಹೋಗುತ್ತಿತ್ತು, ಆದ್ದರಿಂದ ಮೋಂಬತ್ತಿ ಬೆಳಕಿನಲ್ಲಿ ನೋಡಬೇಕಿತ್ತು. ಆಮೇಲೆ ಇದೇ ಜಾಡು ಹಿಡಿದ ಜೋಸೆಫ್ ರೀಡ್ ಎಂಬ ಪಾದ್ರಿ ಪ್ರಯೋಗಕ್ಕೆ ಹೆಂಡತಿಯ ತೊಗಲಿನ ಕೈಗವಸನ್ನೇ ಕತ್ತರಿಸಿದನಂತೆ. ಇನ್ನೊಂದು ಜೊತೆ ಕೊಡಲು ಆಕೆ ಒಪ್ಪದಿದ್ದಾಗ, ಹಾಗಾದರೆ ಕಾಗದಕ್ಕೇ ಒಗರಿನ ಹದ ಕೊಡುತ್ತೇನೆಂದು ಹೊರಟನಂತೆ. ಅವನೇ ಮುಂದೆ ಹೇಳಿಕೊಂಡ ಕತೆ ಇದು. 1850ರ ದಶಕದಲ್ಲಿ ಗಾಜಿನ ಮೇಲಿನ ಫೋಟೊ ಪದರವನ್ನು ಎಬ್ಬಿಸಿ, ಮೇಣ ಕುಡಿಸಿದ ಕಪ್ಪು ಬಟ್ಟೆಗೂ ಚರ್ಮಕ್ಕೂ ಕೂರಿಸುವ ಪ್ಯಾನೊಟೈಪ್ ಬಂತು. ಕೆಲ ಕಾಲದಲ್ಲೇ ಪದರ ಬಿರುಕು ಬಿಡತೊಡಗಿತು. ಅದೇ ತಕರಾರು ಈಗ ಈ ಮಹಡಿಯ ಮೇಜಿನ ಮೇಲಿದೆ.

ಯಂತ್ರಗಳ ಸದ್ದಿನಾಚೆ, ಕಿಟಕಿಯ ಬಳಿ, ಅದೇ ಕಂಪ್ಯೂಟರ್ ಹುಡುಗಿ ಬಿಡುವಿನಲ್ಲಿ ಇನ್ನೊಂದು ಕೆಲಸ ಮಾಡುತ್ತಾಳೆ. ಅದಕ್ಕೆ ಈ ಮೂರು ಯಂತ್ರಗಳು ಬೇಡ. ಫೋಟೊವನ್ನು ಎಡಬಲ ತಿರುಗಿಸಿ ಲೇಸರ್ ಪ್ರಿಂಟರಿನಲ್ಲಿ ಸಾದಾ ಕಾಗದಕ್ಕೆ ಅಚ್ಚು ತೆಗೆಯಬೇಕು. ಇಂಕ್‌ಜೆಟ್ ಆದರೆ ನೀರಿಗೆ ಕದಡುತ್ತದೆ. ನೀರು ಹೀರುವ ಚರ್ಮಕ್ಕೆ ಅಕ್ರಿಲಿಕ್ ಜೆಲ್ ತೆಳ್ಳಗೆ ಬಳಿದು, ಅಚ್ಚಿನ ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ಇಲ್ಲದಂತೆ ನೀವಿ, ರಾತ್ರಿಯಿಡೀ ಬಿಡಬೇಕು. ಹಿಂದಿನ ದಿನ ಒತ್ತಿಟ್ಟ ತುಂಡೊಂದನ್ನು ನನ್ನೆದುರಿಗೇ ಬಿಡಿಸಿದಳು. ಸ್ಪಂಜಿನಿಂದ ಕಾಗದವನ್ನು ತೋಯಿಸಿ ತೋರುಬೆರಳ ತುದಿಯಿಂದ ಸುತ್ತು ಸುತ್ತು ಉಜ್ಜಿದಳು. ಕಾಗದ ಸಣ್ಣ ಸುರುಳಿಯಾಗಿ ಏಳುತ್ತಾ ಹೋಯಿತು. ಜೋರು ಮಾಡಿದರೆ ಚಿತ್ರವೂ ಏಳುತ್ತದೆ, ಮೆತ್ತಗಾದರೆ ಕಾಗದದ ನಾರು ಉಳಿದು ಒಣಗಿದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಕಾಗದವೆಲ್ಲ ಹೋದ ಮೇಲೆ ಕಂಡದ್ದು ಒಬ್ಬ ಮುದುಕನ ಮುಖ. ಲೇಸರ್ ಪ್ರಿಂಟರಿನ ಟೋನರ್ ಪುಡಿಯಲ್ಲಿ ಬಿಳಿ ಇರುವುದಿಲ್ಲ, ಹಾಗಾಗಿ ಅವನ ಬಿಳಿ ಮೀಸೆ, ಬಿಳಿ ಅಂಗಿ ಎಲ್ಲವೂ ಚರ್ಮದ ಜೇನುಬಣ್ಣಕ್ಕೆ ತಿರುಗಿದ್ದವು. ಹಣೆಯ ಸುಕ್ಕಿನ ನಡುವೆ ಚರ್ಮದ ಸ್ವಂತ ಸುಕ್ಕು, ಕೆನ್ನೆಯಲ್ಲಿ ಮೇಕೆಯ ರೋಮರಂಧ್ರ. ಯುವಿ ಅಚ್ಚಿನಲ್ಲಿ ಬಿಳಿ ಪದರ ಇದನ್ನೆಲ್ಲ ಮುಚ್ಚಿಬಿಡುತ್ತದೆ. ಚರ್ಮ ಕಾಣದಂತೆ ಚಿತ್ರ ಹಾಕಿಸುವುದಾದರೆ ಚರ್ಮವೇ ಯಾಕೆ ಬೇಕು ಎಂಬುದು ನನ್ನ ಅನುಮಾನ.

ನಮ್ಮ ತೊಗಲುಗೊಂಬೆಯವರು ಈ ಪ್ರಶ್ನೆಯನ್ನು ಎಂದೋ ಬಿಡಿಸಿದ್ದರು. ರಾಮನಗರದ ಜಾನಪದ ಲೋಕದಲ್ಲಿ ಅವರ ಗೊಂಬೆಗಳನ್ನು ಹತ್ತಿರದಿಂದ ನೋಡಬಹುದು. ಹೆರೆದು ತೆಳುವಾಗಿಸಿದ ತೊಗಲಿಗೆ ಕೊಟ್ಟ ಬಣ್ಣದ ಮೂಲಕ ಬೆಳಕು ಆಚೆ ಹಾಯುತ್ತದೆ. ಅಡ್ಡ ನಿಲ್ಲುವ ದಪ್ಪ ಬಣ್ಣ ಹಚ್ಚಿದರೆ ಪರದೆಯ ಮೇಲೆ ಬರೀ ಕಪ್ಪು ನೆರಳು ಬೀಳುತ್ತದೆ, ರಾವಣನ ಕೆಂಪು ಕಾಣುವುದೇ ಇಲ್ಲ.

ಇಂಥ ಕಡೆ ಏನಾದರೂ ಮಾಡಿಸಲು ಹೊರಟವರಿಗೆ ಇಷ್ಟು ಹೇಳಬಲ್ಲೆ. ಬಣ್ಣ ಬೇಕೇ ಬೇಕೆಂದರೆ ಯುವಿ ಆಗಲಿ, ಆದರೆ ಚಿತ್ರ ಮಡಿಕೆಯ ಮೇಲೆ ಬರದಂತೆ ಜಾಗ ಹೇಳಿ, ಬಾಗುವ ಶಾಯಿಯೇ ಎಂದು ಕೇಳಿ. ಡೈರಿ ಹೊದಿಕೆ, ಗೋಡೆಗೆ ಹಾಕುವ ಚೌಕಟ್ಟಿಗೆ ಅದು ಸಾಕು. ದಿನಾ ಜೇಬಿನಲ್ಲಿ ತಿರುಗುವ ಪರ್ಸಿಗೆ ಲೇಸರೇ ಸರಿ. ಹೊಲಿದು ಮುಗಿದ ಪರ್ಸಿಗಿಂತ ಹೊಲಿಯುವ ಮುಂಚಿನ ಚಪ್ಪಟೆ ತುಂಡಿನ ಮೇಲೆ ಅಚ್ಚು ಚೆನ್ನಾಗಿ ಕೂರುತ್ತದೆ. ಅದೇ ಚರ್ಮದ ಚೂರೊಂದರ ಮೇಲೆ ಮಾದರಿ ಹಾಕಿಸಿ, ಅವರ ಮುಂದೆಯೇ ಮಡಚಿ ನೋಡಿ. ಮಡಚಲು ಬಿಡದ ಅಂಗಡಿಯಾದರೆ ಮುಂಗಡ ಕೊಡಬೇಡಿ. ಇದ್ದ ಒಂದೇ ಹಳೆಯ ಫೋಟೊವನ್ನು ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ. ಎದುರಿಗೇ ಸ್ಕ್ಯಾನ್ ಮಾಡಿಸಿ, ವಾಪಸು ತನ್ನಿ.