ಪುಟ್ಟ ಮಕ್ಕಳ ದಿನಚರಿ: ನಂಬಿಕೆ ಒಂದು, ನಿಜ ಇನ್ನೊಂದು

ಮೂರು ವರ್ಷದ ಮಗುವಿಗೆ ಹತ್ತೂವರೆ ಗಂಟೆ ಎಂದರೆ ಏನೂ ಹೊಳೆಯುವುದಿಲ್ಲ. ‘ಹಾಲು ಕುಡಿದ ಮೇಲೆ ಕತೆ’ ಎಂದರೆ ಎಲ್ಲವೂ ಅರ್ಥವಾಗುತ್ತದೆ. ಅಂಗನವಾಡಿ, ನರ್ಸರಿ, ಎಲ್‌ಕೆಜಿಗಳ ದಿನಚರಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟಿದ್ದು ಈ ಸಣ್ಣ ಸಂಗತಿಯನ್ನು ಮರೆತದ್ದರಿಂದ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲು ನೆಲೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ ನೋಡುವುದರ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಆ ಯೋಜನೆಯ ಭಾಗವೇ. ಆದರೂ ‘ಅಂಗನವಾಡಿಯಲ್ಲಿ ಏನು ಕಲಿಸ್ತಾರೆ, ಬರೀ ಆಡಿಸ್ತಾರೆ’ ಎಂಬ ಮಾತು ಇಂದಿಗೂ ನಿಂತಿಲ್ಲ. ಪಕ್ಕದ ಬೀದಿಯ ಕಾನ್ವೆಂಟಿನ ಮಗುವಿನ ಚೀಲದಲ್ಲಿ ನಾಲ್ಕು ನೋಟುಪುಸ್ತಕ ಇರುತ್ತವೆ. ಕಾರ್ಯಕರ್ತೆಯ ಮೇಲೆ ಒತ್ತಡ ಬೀಳುವುದು ಅಲ್ಲಿಂದ.

‘ದಿನಚರಿ ಎಂದರೆ ಟೈಂಟೇಬಲ್’

ಅಲ್ಲ. ಟೈಂಟೇಬಲ್ ಗಡಿಯಾರದ ಲೆಕ್ಕ, ದಿನಚರಿ ಕ್ರಮದ ಲೆಕ್ಕ. ಪ್ರೌಢಶಾಲೆಯ ಪೀರಿಯಡ್ಡುಗಳನ್ನು ಕುಗ್ಗಿಸಿ, ಹತ್ತಕ್ಕೆ ಕನ್ನಡ, ಹತ್ತೂವರೆಗೆ ಇಂಗ್ಲಿಷ್, ಹನ್ನೊಂದಕ್ಕೆ ಲೆಕ್ಕ ಎಂದು ಗೋಡೆಗೆ ಅಂಟಿಸಿದರೆ ಅದು ತಪಾಸಣೆಗೆ ಬಂದವರಿಗೆ ಚೆಂದ ಕಾಣುತ್ತದೆ. ಮಗುವಿಗೆ ಬೇಕಾದದ್ದು ಮುಂದೇನು ಎಂಬ ಭರವಸೆ. ಅಮ್ಮ ಬಿಟ್ಟು ಹೋದಳು, ಈಗ ಆಟ, ಆಮೇಲೆ ಕತೆ, ಊಟ, ನಿದ್ದೆ, ಎದ್ದ ಮೇಲೆ ಅಮ್ಮ ಬರುತ್ತಾಳೆ: ಈ ಸರಪಳಿ ಮನಸ್ಸಿನಲ್ಲಿ ಗಟ್ಟಿಯಾದ ಮಗು ಅಳು ನಿಲ್ಲಿಸಿ ಸುತ್ತ ನೋಡಲು ಶುರುಮಾಡುತ್ತದೆ.

ಇದನ್ನು ಕಣ್ಣಿಗೆ ಕಾಣಿಸುವುದೂ ಸುಲಭ. ಆಟ, ಕೈ ತೊಳೆಯುವುದು, ಊಟ, ನಿದ್ದೆ ಇವುಗಳ ಚಿತ್ರ ಬರೆದು ಮಕ್ಕಳ ಕಣ್ಣಿನ ಎತ್ತರಕ್ಕೆ ಹಗ್ಗದಲ್ಲಿ ನೇತುಹಾಕಿ, ಬಟ್ಟೆ ಒಣಗಿಸುವ ಕ್ಲಿಪ್ಪನ್ನು ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಸುವ ಕೆಲಸವನ್ನು ದಿನಕ್ಕೊಂದು ಮಗುವಿಗೆ ಕೊಟ್ಟರೆ ಸಾಕು. ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯಲ್ಲೇ ಗಲಾಟೆ ಹೆಚ್ಚು. ‘ಇನ್ನು ಐದೇ ನಿಮಿಷ’ ಎಂಬುದು ಆ ವಯಸ್ಸಿಗೆ ಖಾಲಿ ಮಾತು. ‘ಇನ್ನು ಎರಡು ಸಲ ಜಾರಿ ಬಾ, ಆಮೇಲೆ ಕೈ ತೊಳೆಯೋಣ’ ಎಂದರೆ ಮಗು ತಾನೇ ಎಣಿಸಿಕೊಂಡು ಬರುತ್ತದೆ. ಮಳೆ ಸುರಿದರೆ ಹೊರಗಿನ ಓಟದ ಜಾಗಕ್ಕೆ ಅಭಿನಯ ಗೀತೆ ಬರಲಿ. ಅದರ ಹಿಂದುಮುಂದಿನ ಕ್ರಮ ಮಾತ್ರ ಕದಲದಿರಲಿ.

‘ಬೇಗ ಬರೆಸಿದಷ್ಟೂ ಬೇಗ ಕಲಿಯುತ್ತಾರೆ’

ನನಗೆ ಹೆಚ್ಚು ಸಂಕಟ ಕೊಡುವ ನಂಬಿಕೆ ಇದು. ಮೂರೂವರೆ ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಪುಟದ ತುಂಬ ‘ಅ’ ತಿದ್ದುವುದನ್ನು ಹೆತ್ತವರು ಹೆಮ್ಮೆಯಿಂದ ನೋಡುತ್ತಾರೆ. ಆ ಕೈಯೊಳಗೆ ಏನಿದೆ ಎಂದು ನೋಡಿದರೆ ಚಿತ್ರವೇ ಬೇರೆ. ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಹುಟ್ಟುವಾಗ ಅವು ಮೃದ್ವಸ್ಥಿ. ಒಂದೊಂದಾಗಿ ಎಲುಬಾಗುತ್ತ ಹೋಗಲು ವರ್ಷಗಳೇ ಹಿಡಿಯುತ್ತವೆ. ಬೆರಳುಗಳ ಸೂಕ್ಷ್ಮ ಸ್ನಾಯುಗಳ ಹಿಡಿತವೂ ಆ ವಯಸ್ಸಿನಲ್ಲಿ ಇನ್ನೂ ಪಳಗುತ್ತಿರುತ್ತದೆ.

ಬರವಣಿಗೆಯ ನಿಜವಾದ ತಯಾರಿ ನಡೆಯುವುದು ಬೇರೆ ಕಡೆ. ಅವರೆಕಾಯಿ ಸುಲಿಯುವುದು, ರಾಗಿ ಹಿಟ್ಟಿನ ಮುದ್ದೆಯನ್ನು ಹಿಸುಕಿ ಹಾವು ಮಾಡುವುದು, ದೊಡ್ಡ ಮಣಿ ಪೋಣಿಸುವುದು, ಮರಳಿನ ಮೇಲೆ ಬೆರಳಾಡಿಸುವುದು, ಅಂಗಳದಲ್ಲಿ ಬಳಪ ಹಿಡಿದು ಗೀಚುವುದು. ಇವು ನೋಟುಪುಸ್ತಕದಲ್ಲಿ ಗುರುತು ಉಳಿಸುವುದಿಲ್ಲ, ಆದ್ದರಿಂದ ಮನೆಯವರಿಗೆ ಕಾಣುವುದಿಲ್ಲ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೊದಲ ಮೂರು ವರ್ಷ ಮಕ್ಕಳಿಗೆ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ. ಹಾಗಿದ್ದೂ ಕಾಪಿ ಬರೆಸುವ ಹೊತ್ತು ಎಷ್ಟೋ ಕಡೆ ದಿನದ ಅತಿ ಒಳ್ಳೆಯ ಭಾಗವನ್ನೇ, ಮಗು ಚುರುಕಾಗಿರುವ ಬೆಳಗಿನ ವೇಳೆಯನ್ನೇ ನುಂಗುತ್ತಿದೆ.

‘ಪಾಠ ಮುಗಿದರೆ ಆಟ’ ಎಂಬ ಮಾತೂ ಇದರ ಒಡಹುಟ್ಟು. ಆಟವನ್ನು ಬಹುಮಾನವಾಗಿ ಕೊಟ್ಟು ಶಿಕ್ಷೆಯಾಗಿ ಕಿತ್ತುಕೊಳ್ಳುವವರು, ಹೆಚ್ಚು ಚಡಪಡಿಸುವ ಮಗುವಿನಿಂದಲೇ ಓಟವನ್ನು ಕಸಿದಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು-ನಾಲ್ಕು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಅದರಲ್ಲಿ 60 ನಿಮಿಷವಾದರೂ ಉಸಿರೇರುವಂತೆ ಓಡಬೇಕು, ಕುಣಿಯಬೇಕು. ಕೂತು ನೋಡುವ ಪರದೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೆಯದು. ಮನೆಯಲ್ಲಿ ಮೊಬೈಲ್ ಈಗಾಗಲೇ ಆ ಗಂಟೆಯನ್ನು ಮುಗಿಸಿರುತ್ತದೆ ಎಂಬುದನ್ನು ತರಗತಿಗೆ ಸ್ಮಾರ್ಟ್ ಟಿವಿ ತರುವವರು ಲೆಕ್ಕಕ್ಕೆ ತೆಗೆದುಕೊಳ್ಳಲಿ.

‘ಮಲಗಿಸುವುದು ಸಮಯ ಹಾಳು’

ನಿದ್ದೆಯೂ ಕಲಿಕೆಯ ಭಾಗ. ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲಾಪೂರ್ವ ಮಕ್ಕಳಿಗೆ ಬೆಳಿಗ್ಗೆ ಯಾವ ಚಿತ್ರ ಎಲ್ಲಿದೆ ಎಂದು ನೆನಪಿಡುವ ಆಟ ಕಲಿಸಿದರು. ಮಧ್ಯಾಹ್ನ ಮಲಗಿ ಎದ್ದ ದಿನ ಮಕ್ಕಳಿಗೆ ಚೆನ್ನಾಗಿ ನೆನಪಿತ್ತು. ಎಚ್ಚರವಾಗಿಯೇ ಇಟ್ಟ ದಿನ ಒಂದಷ್ಟು ಮರೆತುಹೋಗಿತ್ತು. ರಾತ್ರಿಯ ನಿದ್ದೆ ಆ ನಷ್ಟವನ್ನು ತುಂಬಿಕೊಡಲಿಲ್ಲ. ಈ ಲಾಭ ಎದ್ದು ಕಂಡದ್ದು ಮಧ್ಯಾಹ್ನ ಮಲಗುವ ರೂಢಿಯಿದ್ದ ಮಕ್ಕಳಲ್ಲಿ. ಹಾಗಾಗಿ ನಿದ್ದೆ ಬಾರದ ಐದು ವರ್ಷದ ಮಗುವನ್ನು ಗದರಿಸಿ ಕಣ್ಣು ಮುಚ್ಚಿಸುವುದು ಬೇಡ. ಚಾಪೆಯ ಮೇಲೆ ಚಿತ್ರದ ಪುಸ್ತಕ ಕೊಟ್ಟು ಸುಮ್ಮನೆ ಮಲಗಲು ಬಿಟ್ಟರೆ ಆಯಿತು.

‘ದಿನಾ ಅದೇ ಹಾಡು, ಅದೇ ಕತೆ, ಮಕ್ಕಳಿಗೆ ಬೇಸರ’ ಎನ್ನುವವರಿದ್ದಾರೆ. ಬೇಸರವಾಗುವುದು ದೊಡ್ಡವರಿಗೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಮೂರು ವರ್ಷದ ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬೇರೆ ಕತೆ ಕೇಳಿದವರಿಗಿಂತ ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳಿದವರೇ ಹೊಸ ಪದಗಳನ್ನು ಚೆನ್ನಾಗಿ ಕಲಿತರು. ವಾರಪೂರ್ತಿ ಒಂದೇ ಕತೆ ಹೇಳಲು ಟೀಚರ್ ಸಂಕೋಚಪಡಬೇಕಿಲ್ಲ. ಊಟ, ಕೈ ತೊಳೆಯುವುದು, ಶೌಚ ಇವು ಪಾಠದ ನಡುವಿನ ಅಡಚಣೆ ಎಂಬ ಭಾವನೆಯೂ ಸಲ್ಲದು. ಪ್ರತಿ ತಟ್ಟೆಗೊಂದು ಲೋಟ ಇಡುವ ಮಗು ಎಣಿಕೆಯ ಮೂಲವನ್ನೇ ಕೈಯಾರೆ ಮಾಡುತ್ತಿರುತ್ತದೆ.

‘ಒಳ್ಳೆಯ ದಿನಚರಿ ಬರೆದುಕೊಟ್ಟರೆ ಸಾಕು, ಟೀಚರ್ ಪಾಲಿಸುತ್ತಾರೆ’

ಹೇಗೆ ಪಾಲಿಸಬೇಕು? ಒಂದೇ ಕೋಣೆಯಲ್ಲಿ ಮೂರರವರೂ ಐದೂವರೆಯವರೂ ಕೂತಿರುತ್ತಾರೆ. ಸಹಾಯಕಿ ಅಡುಗೆಯಲ್ಲಿರುತ್ತಾರೆ. ಕಾರ್ಯಕರ್ತೆ ಪೋಷಣ್ ಟ್ರ್ಯಾಕರ್ ಆ್ಯಪಿಗೆ ವಿವರ ಏರಿಸಬೇಕು, ಬಾಣಂತಿಯರಿಗೆ ಆಹಾರ ಕೊಡಬೇಕು, ತೂಕ ನೋಡಬೇಕು, ಮನೆ ಭೇಟಿಗೆ ಹೋಗಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವನ್ನೂ ಮಾಡಬೇಕು. ಆಕೆ ಎದ್ದುಹೋದ ಗಳಿಗೆಯಲ್ಲಿ ಕಾಗದದ ಮೇಲಿನ ದಿನಚರಿ ಬಿದ್ದುಹೋಗುತ್ತದೆ.

ಕೋಣೆಯ ಮೂಲೆಗಳು ಇಲ್ಲಿ ನೆರವಿಗೆ ಬರುತ್ತವೆ. ಗೊಂಬೆಗೊಂದು, ಮರದ ತುಂಡುಗಳಿಗೊಂದು, ಪುಸ್ತಕಕ್ಕೊಂದು ಮೂಲೆ ಇದ್ದು, ದೊಡ್ಡ ಮಕ್ಕಳು ತಾವೇ ಆರಿಸಿಕೊಂಡು ಆಡುತ್ತಿದ್ದರೆ ಟೀಚರಿಗೆ ನಾಲ್ಕೈದು ಚಿಕ್ಕವರನ್ನು ಹತ್ತಿರ ಕೂರಿಸಿಕೊಳ್ಳಲು ಆಗುತ್ತದೆ. ಇನ್ನುಳಿದದ್ದು ಹೊರಗಿನವರ ಕೈಯಲ್ಲಿದೆ. ಬೆಳಗಿನ ಮೊದಲ ಎರಡು ಗಂಟೆ ಮಕ್ಕಳದು. ಆ ಹೊತ್ತಿನಲ್ಲಿ ಸಭೆ, ಫೋನು, ಫೋಟೊ, ವರದಿ ಕೇಳಬಾರದು ಎಂದು ಮೇಲ್ವಿಚಾರಕಿಯರು ತೀರ್ಮಾನಿಸಲಿ. ಅಂಗನವಾಡಿಯ ಬಾಲವಿಕಾಸ ಸಮಿತಿಯ ತಾಯಂದಿರು ಮುಂದಿನ ಸಭೆಯಲ್ಲಿ ನೋಟುಪುಸ್ತಕ ತೋರಿಸಿ ಎನ್ನುವ ಬದಲು, ಇಂದು ಮಕ್ಕಳು ಎಷ್ಟು ಹೊತ್ತು ಹೊರಗೆ ಓಡಿದರು, ಯಾವ ಕತೆ ಕೇಳಿದರು, ಎಷ್ಟು ಹೊತ್ತು ಮಲಗಿದರು ಎಂದು ವಿಚಾರಿಸಲಿ.